ನಿಮಿಷ ಹೇಳದಿದ್ದರೆ

ಆ ಮೋಟಾರು ಸುಟ್ಟಿದ್ದು ಗಿರಿಜಾಳ ತಪ್ಪಿನಿಂದಲ್ಲ. ನನ್ನಿಂದ. ಇಷ್ಟು ವರ್ಷ ಬಚ್ಚಿಟ್ಟುಕೊಂಡೇ ಬದುಕಿದೆ — ಇವತ್ತು ಹೇಳುತ್ತಿದ್ದೇನೆ.

ಚಿತ್ರದುರ್ಗದ ಒಂದು ಸಣ್ಣ ಕಂಪನಿಯಲ್ಲಿ ನಾವಿಬ್ಬರೂ ಪ್ರೋಗ್ರಾಮರ್‌ಗಳು. ಕೊಳವೆಬಾವಿಯ ಮೋಟಾರನ್ನು ಮೊಬೈಲಿನಿಂದಲೇ ಓಡಿಸುವ ಆ್ಯಪ್ ನಮ್ಮದು. ಮೋಟಾರು ಶುರು ಮಾಡುವ ಫಂಕ್ಷನ್, ಅಂದರೆ ಆ ಒಂದು ಕೆಲಸದ ಕೋಡಿನ ತುಣುಕು, ಬರೆದವಳು ನಾನು. ಅದನ್ನು ಬಳಸಿ ಆ್ಯಪ್ ಕಟ್ಟಿದವಳು ಗಿರಿಜಾ. ಫಂಕ್ಷನ್‌ಗೆ ಎರಡು ಸಂಗತಿ ಹೇಳಬೇಕು — ಯಾವ ಮೋಟಾರು, ಎಷ್ಟು ನಿಮಿಷ. ಎರಡನೆಯದನ್ನು ಬೇಕಾದರೆ ಹೇಳಬಹುದು ಎಂದಿಟ್ಟೆ. ಹೇಳದಿದ್ದರೆ? ನಿಲ್ಲಿಸುವವರೆಗೂ ಓಡಲಿ ಅಂದುಕೊಂಡೆ. ಯಾರಿಗೂ ತಿಳಿಸಲಿಲ್ಲ. ನಮ್ಮ ಉಳಿದ ಫಂಕ್ಷನ್‌ಗಳೆಲ್ಲ ನಿಮಿಷ ಹೇಳದಿದ್ದರೆ ಅರ್ಧ ಗಂಟೆಗೆ ನಿಲ್ಲುತ್ತಿದ್ದವು. ಇದೂ ಹಾಗೇ ಎಂದು ಗಿರಿಜಾ ನಂಬಿದಳು.

ಹೊಸದುರ್ಗದ ಒಂದು ತೆಂಗಿನ ತೋಟದಲ್ಲಿ ನೀರು ತಳ ಕಂಡರೂ ಮೋಟಾರು ಓಡುತ್ತಲೇ ಇತ್ತು. ಸುಟ್ಟುಹೋಯಿತು. ತೋಟದ ಯಜಮಾನರು ಆಫೀಸಿಗೇ ಬಂದರು.

"ತಾನೇ ನಿಲ್ತೈತೆ ಅಂದಿದ್ರಲ್ರಿ! ಏನ್ರಿ ಇದು?"

ಗಿರಿಜಾ ಎದ್ದು ನಿಂತಳು. "ನಿಮಿಷ ಹಾಕೋದು ನಾನೇ ಬಿಟ್ಟಿದ್ದೆ ಸಾರ್."

ನಾನು ಒಂದೇ ಮಾತು ಆಡಬೇಕಿತ್ತು. ಆಡಲಿಲ್ಲ. ಅದಕ್ಕಿಂತ ಕೆಟ್ಟದ್ದು — ಅವಳು ಬೈಸಿಕೊಳ್ಳುತ್ತಿದ್ದಾಗಲೇ ನನ್ನ ಕೋಡನ್ನು ಅರ್ಧ ಗಂಟೆಗೆ ನಿಲ್ಲುವಂತೆ ಸದ್ದಿಲ್ಲದೆ ತಿದ್ದಿಬಿಟ್ಟೆ. ಅವಳ ಕೆಲಸ ಹೋಯಿತು. ಹಿರಿಯೂರಿಗೆ ಹೋಗಿ ಕಂಪ್ಯೂಟರ್ ಕಲಿಸತೊಡಗಿದಳು.

ಈ ವರ್ಷ ಆ್ಯಪನ್ನು ಹೊಸದಾಗಿ ಬರೆಯುವ ಹೊಣೆ ನನಗೆ ಬಂತು. ಅದೇ ಫಂಕ್ಷನ್ ತೆರೆದೆ — ಕೈ ಓಡಲಿಲ್ಲ. ಕಂಪನಿಯ ಮಾಲೀಕರಿಗೆ, ಸಹೋದ್ಯೋಗಿಗಳಿಗೆ ಎಲ್ಲವನ್ನೂ ಹೇಳಿದೆ. ಹಿರಿಯೂರಿನ ಬಸ್ಸು ಹತ್ತಿದೆ.

ಗಿರಿಜಾ ಬಾಗಿಲಲ್ಲೇ ನಿಂತು ನಾನು ಹೇಳಿದ್ದನ್ನೆಲ್ಲ ಕೇಳಿಸಿಕೊಂಡಳು.

"ಅವತ್ತೇ ಹೇಳ್ಬೇಕಿತ್ತು ಕಣೇ ನೀನು."

ಹೌದು. ಆಮೇಲೆ ಅರ್ಧ ಗಂಟೆಗೆ ತಿದ್ದಿದ್ದನ್ನೂ ಒಪ್ಪಿಕೊಂಡೆ.

"ಅರ್ಧ ಗಂಟೆನೂ ತಪ್ಪೇ," ಎಂದಳು. "ಒಬ್ಬೊಬ್ರ ಬಾವಿ ಒಂದೊಂದು ಥರ ಐತೆ. ನಿಮಿಷ ಹೇಳ್ದೆ ಮೋಟ್ರು ಶುರುವೇ ಆಗ್ಬಾರ್ದು. ಲ್ಯಾಪ್‌ಟಾಪ್ ತಂದೀಯೇನು? ಒಳಗೆ ಬಾ, ಕುಂತ್ಕ."

ಇಬ್ಬರೂ ಸೇರಿ ಬರೆದೆವು. ಕಂಪನಿ ಅವಳನ್ನು ಮತ್ತೆ ಕರೆಯಿತು. ಕಳೆದ ವಾರ ತುರುವನೂರಿನ ದಾಳಿಂಬೆ ತೋಟದಲ್ಲಿ ಪರೀಕ್ಷೆ. ರೈತರೊಬ್ಬರು ನಿಮಿಷ ಹೇಳದೆ ಒತ್ತಿದರು, ಮೋಟಾರು ಮಿಸುಕಲಿಲ್ಲ. ಹೇಳಿ ಒತ್ತಿದರು — ನೀರು ಭೋರೆಂದು ಚಿಮ್ಮಿತು, ಹೇಳಿದ ಹೊತ್ತಿಗೆ ತಾನೇ ನಿಂತಿತು! ಸೇರಿದ್ದವರೆಲ್ಲ ಚಪ್ಪಾಳೆ ತಟ್ಟಿದರು. "ಈ ಯೋಚನೆ ಗಿರಿಜಾಳದು!" ಎಂದು ಕೂಗಿದೆ, ಎಲ್ಲರಿಗೂ ಕೇಳುವಷ್ಟು ಜೋರಾಗಿ.

ಅವಳು ಕಳೆದುಕೊಂಡ ವರ್ಷಗಳ ಹೊಣೆ ನನ್ನದೇ. ಅದು ಇಳಿಯುವುದಿಲ್ಲ, ಇಳಿಯುವುದೂ ಬೇಡ. ಗಿರಿಜಾ ಒದ್ದೆ ಮಣ್ಣಿನಲ್ಲಿ ನಿಂತು ಗೆದ್ದವಳ ಹಾಗೆ ನಗುತ್ತಿದ್ದಳು — ನಾನು ಒಂದು ಹೆಜ್ಜೆ ಹಿಂದೆ ಸರಿದು ನಿಂತೆ.