ಹರಿಯಲು ಕೈ ಬಾರದ ಕವರು

ತೊಳೆಯುವುದರಲ್ಲಿ ನಮ್ಮನ್ನು ಮೀರಿಸುವವರಿಲ್ಲ ಎಂಬ ಜಂಬ ನನಗೆ ಮೊದಲಿನಿಂದಲೂ ಇತ್ತು. ತಡಸದ ಆಚೆ, ಹೆದ್ದಾರಿಯ ಪಕ್ಕದ ಔಷಧ ಕಾರ್ಖಾನೆಗೆ ನಾನು ಸೇರಿದ್ದೇ ತೊಳೆಯುವ ವಿಭಾಗಕ್ಕೆ. ಅಲ್ಲಿ ದೊಡ್ಡ ಉಕ್ಕಿನ ಟ್ಯಾಂಕುಗಳಲ್ಲಿ ಜೀವಕೋಶಗಳನ್ನು ಬೆಳೆಸಿ, ಅವುಗಳಿಂದ ಚುಚ್ಚುಮದ್ದಿಗೆ ಬೇಕಾದ ಔಷಧ ತೆಗೆಯುತ್ತಾರೆ. ಒಂದು ಸಲದ ಬೆಳೆ ಮುಗಿಯಿತೆಂದರೆ ನಮ್ಮ ಪಾಳಿ. ಕಾಸ್ಟಿಕ್ ಸೋಡಾ ಬೆರೆಸಿದ ನೀರು, ಬಿಸಿನೀರು, ಕೊನೆಗೆ ಹಬೆ. ಹಿಂದಿನ ಔಷಧದ ಸುಳಿವೂ ಉಳಿಯಬಾರದು. ನಾವು ತೊಳೆದ ಟ್ಯಾಂಕಿನ ನೀರನ್ನು ಪರೀಕ್ಷೆಗೆ ಒಯ್ದವರು ಒಮ್ಮೆಯೂ ಮುಖ ಸಿಂಡರಿಸಿಕೊಂಡು ಮರಳಿ ಬಂದಿರಲಿಲ್ಲ.

ನನ್ನ ಜೋಡಿ ಸವಣೂರಿನ ಆಪಾ; ಆಪಾ ಎಂದರೆ ಅವರ ಮನೆಮಾತಿನಲ್ಲಿ ಅಕ್ಕ. ನನಗಿಂತ ದೊಡ್ಡವಳು, ವೀಳ್ಯದೆಲೆ ವ್ಯಾಪಾರದ ಮನೆತನದವಳು. ನಾನು ಅಕ್ಕಿಆಲೂರಿನಿಂದ ಹಾನಗಲ್ಲಿಗೆ ಬಂದು ಕಂಪನಿಯ ಬಸ್ಸು ಹಿಡಿದರೆ, ಆಕೆ ಶಿಗ್ಗಾವಿಯ ಮೇಲೆ ಬರುತ್ತಿದ್ದಳು. ಆಕೆಯ ಪಗಾರದ ಮೇಲೆಯೇ ಮಗಳ ನರ್ಸಿಂಗ್ ಓದು ನಡೆದಿತ್ತು. ನಾನು ಸಿಡುಕಿ, ಆಕೆ ಸಮಾಧಾನಿ. ಹೀಗಾಗಿ ಜೋಡಿ ಚೆನ್ನಾಗಿ ಒಗ್ಗಿತ್ತು.

ಅಂಥದ್ದರಲ್ಲಿ ಚೀಲಗಳು ಬಂದವು. ಹಾಸಿಗೆಯಷ್ಟು ದೊಡ್ಡ, ನೀರಿನಷ್ಟು ತಿಳಿಯಾದ ಪ್ಲಾಸ್ಟಿಕ್ ಚೀಲ, ಅದಕ್ಕೆ ನಾಲ್ಕಾರು ನಳಿಗೆ. ಅದನ್ನು ಉಕ್ಕಿನ ಚೌಕಟ್ಟಿನೊಳಗೆ ಇಳಿಸಿ ಗಾಳಿ ತುಂಬಿದರೆ ಅದೇ ಟ್ಯಾಂಕು. ಬೆಳೆ ಮುಗಿದ ಮೇಲೆ ಬಿಚ್ಚಿ, ಸುಡುವುದಕ್ಕೆ ಕಳಿಸುವುದು. ತೊಳೆಯುವ ಮಾತೇ ಇಲ್ಲ. ನಮ್ಮ ವಿಭಾಗ ನೋಡಿಕೊಳ್ಳುವ ಹುಬ್ಬಳ್ಳಿಯ ಮೇಡಂ ಇದನ್ನು ತಿಳಿಸಿ ಹೇಳಿದ ದಿನ ನಮಗೆಲ್ಲ ಒಂದೇ ಚಿಂತೆ. ತೊಳೆಯುವುದೇ ಇಲ್ಲವೆಂದ ಮೇಲೆ ತೊಳೆಯುವವರು ಯಾಕೆ? ಮೇಡಂ ನಮ್ಮ ಪರವಾಗಿ ಮಾತಾಡಿದ್ದರಿಂದ, ಚೀಲ ಕೂರಿಸುವ ಕೆಲಸ ಕಲಿತರೆ ನಮ್ಮನ್ನೇ ಇಟ್ಟುಕೊಳ್ಳುವುದೆಂದು ತೀರ್ಮಾನವಾಯಿತು.

ಮನೆಯಲ್ಲಿ ಇದನ್ನು ಹೇಳಿದಾಗ ನನ್ನ ಅತ್ತೆ ಹಾಲಿನ ಪ್ಯಾಕೆಟ್ ತೊಳೆದು ತಂತಿಗೆ ಒಣಹಾಕುತ್ತಿದ್ದರು.

"ಒಂದ ಸಲ ವಾಪರಿಸಿ ಒಗದ ಬಿಡೂದಾ? ನಿಮ್ಮ ಕಂಪನಿಯವರಿಗೆ ತಲಿ ಕೆಟ್ಟೈತೇನ?" ಎಂದರು.

ಅವರ ತಪ್ಪಲ್ಲ. ನಮ್ಮ ಕಡೆ ಯಾರ ಮನೆಯಲ್ಲೂ ಪ್ಲಾಸ್ಟಿಕ್ ಚೀಲ ಒಂದೇ ಕೆಲಸಕ್ಕೆ ಸಾಯುವುದಿಲ್ಲ. ಸೀರೆ ಅಂಗಡಿಯ ಕವರು ಮೊದಲು ಸೀರೆಗೆ, ಆಮೇಲೆ ಸಂಡಿಗೆಗೆ, ಕೊನೆಗೆ ಮಳೆಗಾಲದಲ್ಲಿ ತಲೆಗೆ. ಅತ್ತೆಯ ಗಾದಿಯ ಕೆಳಗೆ ಇಂಥ ಕವರುಗಳ ಒಂದು ಗಂಟೇ ಇತ್ತು. ಅದಕ್ಕೆ ಯಾರೂ ಕೈ ಹಚ್ಚುವಂತಿರಲಿಲ್ಲ.

ಮೊದಲ ಚೀಲ ಬಿಚ್ಚಿ ಕೂರಿಸುವ ಪಾಳಿ ನಮ್ಮ ಜೋಡಿಗೆ ಬಂತು. ಚೀಲದ ಮೇಲೆ ದಪ್ಪನೆಯ ಹೊರ ಕವರು ಇರುತ್ತದೆ. ಅಂಚಿನಲ್ಲೊಂದು ಸಣ್ಣ ಸೀಳು ಕೊಟ್ಟಿರುತ್ತಾರೆ. ಅಲ್ಲಿಂದ ಎಳೆದು ಹರಿಯಬೇಕು, ಹರಿತವಾದದ್ದೇನೂ ತಾಗಿಸಬಾರದು ಎಂದು ಮೇಡಂ ಹೇಳಿದ್ದರು. ನಾನು ನಳಿಗೆಗಳನ್ನು ಹಿಡಿದು ನಿಂತಿದ್ದೆ. ಆಪಾ ಕವರನ್ನು ಒಮ್ಮೆ ಸವರಿದಳು. ಬೇರೆ ಕೆಲಸಕ್ಕೆಂದು ಟ್ರಾಲಿಯ ಮೇಲಿಟ್ಟ ಕತ್ತರಿ ತೆಗೆದುಕೊಂಡು ಅಂಚಿನ ಗುಂಟ ಅಚ್ಚುಕಟ್ಟಾಗಿ ಕತ್ತರಿಸಿದಳು. ನಾನು ನೋಡುತ್ತಲೇ ಇದ್ದೆ, ನನಗೂ ಅದು ತಪ್ಪೆನಿಸಲಿಲ್ಲ. ಅಷ್ಟು ಚೆಂದದ ಕವರನ್ನು ಹಾಗಲ್ಲದೆ ಮತ್ತೆ ಹೇಗೆ ಬಿಚ್ಚುತ್ತಾರೆ?

ಚೀಲಕ್ಕೆ ಗಾಳಿ ತುಂಬಿ ಪರೀಕ್ಷೆಗೆ ಬಿಟ್ಟಾಗ ಒತ್ತಡ ಸರಸರನೆ ಇಳಿಯಿತು. ಕತ್ತರಿಯ ತುದಿ ಒಳಗಿನ ಚೀಲಕ್ಕೆ ತಾಗಿತ್ತು.

ಮೇಡಂ ಕೂಗಾಡಲಿಲ್ಲ. ಕೂಗಾಡಿದ್ದರೆ ನಾನೂ ತಿರುಗಿ ಅಂದು ಹಗುರಾಗುತ್ತಿದ್ದೆ.

"ತೂತು ಸಣ್ಣದಿದ್ರೂ ಒಂದ, ದೊಡ್ಡದಿದ್ರೂ ಒಂದ್ರಿ," ಎಂದರು. "ಬ್ಯಾರೆ ಕಡಿಂದ ಕಲತ ಮಂದೀನ್ನ ಕರಸೂಣು ಅಂತ ಮ್ಯಾಲಿನವರು ಅನ್ನಾಕತ್ತಾರ. ಸೋಮವಾರ ಇನ್ನೊಂದ ಚೀಲಾ ಬಿಚ್ಚಾಕ ಕೇಳಿಕೊಂಡೇನಿ. ಅದೂ ಕೆಟ್ರ ನಿಮ್ಮನ್ನ ಯಾರನ್ನೂ ಇಟಗೊಳ್ಳಾಕ ನನ್ನ ಕಡಿಂದ ಆಗೂದಿಲ್ಲ."

ಊಟದ ಹೊತ್ತಿನಲ್ಲಿ ನನ್ನ ಸಿಟ್ಟೆಲ್ಲ ಆಪಾನ ಮೇಲೆ ತಿರುಗಿತು.

"ಆ ಕವರ ನಿಮಗ ಮನೀಗೆ ಕೊಟ್ಟ ಕಳಸ್ತಿದ್ರೇನ್ರಿ ಆಪಾ?"

ಆಕೆ ರೊಟ್ಟಿ ಮುರಿಯುವುದನ್ನು ನಿಲ್ಲಿಸಿದಳು. "ಒಯ್ಯಾಕಲ್ಲ, ತಂಗಿ. ಹೊಸಾದನ್ನ ಹರಿಯಾಕ ಕೈ ಬರಲಿಲ್ಲ."

ನನ್ನ ಸಿಟ್ಟು ಅಲ್ಲೇ ಕರಗಿತು. ಆ ಕೈ ನನ್ನದೂ ಆಗಬಹುದಿತ್ತು. ಹಿರೇಕೆರೂರಿನಿಂದ ಬಂದು ಶಿಗ್ಗಾವಿಯಲ್ಲಿ ಖೋಲಿ ಹಿಡಿದಿದ್ದ, ನಮ್ಮದೇ ವಿಭಾಗದ ಇನ್ನೊಬ್ಬ ಗೆಳತಿಯದೂ ಆಗಬಹುದಿತ್ತು. ನಮಗೆ ಕೆಲಸ ಬರುತ್ತಿರಲಿಲ್ಲವೆಂದಲ್ಲ, ಹರಿಯುವುದು ಬರುತ್ತಿರಲಿಲ್ಲ.

ಅಂದು ಸಂಜೆ ಮನೆಯಲ್ಲಿ ಚಹಾ ಕುಡಿಯುತ್ತ ಎಲ್ಲವನ್ನೂ ಹೇಳಿಬಿಟ್ಟೆ. ಅತ್ತೆ ಎದ್ದು ಒಳಗೆ ಹೋಗಿ, ಗಾದಿಯ ಕೆಳಗಿನ ಗಂಟನ್ನು ತಂದು ನನ್ನ ತೊಡೆಯ ಮೇಲಿಟ್ಟರು.

"ಇವನ್ನ ಒಯ್ದು ಹರೀರಿ. ಕೈಗೆ ರೂಢಿ ಆಗಲಿ."

"ಅತ್ತಿ, ನಿಮ್ಮ ಕವರ..."

"ಒಯ್ಯಿ ಅಂದ್ನೆಲ್ಲಾ? ಮತ್ತ ನಾ ಮನಸ ಬದಲು ಮಾಡೋದ್ರಾಗ ಒಯ್ಯಿ."

ಮದುವೆಯಾಗಿ ಬಂದಂದಿನಿಂದ ಅವರು ನನಗೆ ಕೊಟ್ಟದ್ದರಲ್ಲಿ ಇಷ್ಟು ದೊಡ್ಡದು ಬೇರೊಂದಿಲ್ಲ. ಇದನ್ನು ನಾನು ನಗೆಗೆ ಹೇಳುತ್ತಿಲ್ಲ.

ಸೋಮವಾರದವರೆಗೆ ಊಟದ ಬಿಡುವಿನಲ್ಲಿ ಕ್ಯಾಂಟೀನಿನ ಹಿಂದಿನ ಬೇವಿನ ಗಿಡದ ಕೆಳಗೆ ನಮ್ಮ ಶಾಲೆ ನಡೆಯಿತು. ನಾನು ಅಂಚಿನಲ್ಲಿ ಸೀಳು ಮಾಡಿ ಕೊಡುವುದು, ಆಪಾ ಎಳೆಯುವುದು. ಮೊದಲನೆಯ ದಿನ ಆಕೆ ಹರಿದಳೆನ್ನುವುದಕ್ಕಿಂತ ಕವರಿಗೆ ಕ್ಷಮೆ ಕೇಳಿದಳೆನ್ನಬೇಕು. ಬಸ್ಸಿನ ಡ್ರೈವರ್ ಬಂದು ನೋಡಿ, "ಯಾರ ಮ್ಯಾಲಿನ ಸಿಟ್ಟರಿ ಇದು?" ಎಂದು ಕೇಳಿದ. "ನಿಮ್ಮ ಮ್ಯಾಲಿಂದ, ಬಸ್ ತಡಾ ತರ್ತೀರಲ್ಲ," ಎಂದೆ. ಆಪಾ ನಗುತ್ತ ನಗುತ್ತಲೇ ಮುಂದಿನ ಕವರನ್ನು ಒಂದೇ ಎಳೆತಕ್ಕೆ ಎರಡು ಹೋಳು ಮಾಡಿದಳು. ಆಮೇಲೆ ಆಕೆಯನ್ನು ತಡೆಯುವುದೇ ಕಷ್ಟವಾಯಿತು.

ಸೋಮವಾರ ಮೈತುಂಬ ಬಿಳಿ ಉಡುಪು ತೊಟ್ಟು, ಎರಡೆರಡು ಕೈಗವಸು ಹಾಕಿಕೊಂಡು ನಿಂತೆವು. ಗಾಜಿನ ಆಚೆ ಮೇಡಂ, ಅವರ ಹಿಂದೆ ಮೇಲಿನವರು. ಕತ್ತರಿಯನ್ನು ನಾನೇ ಮೊದಲು ಹೊರಗೆ ಕಳಿಸಿದ್ದೆ. ಆಪಾ ಸೀಳಿಗೆ ಬೆರಳಿಟ್ಟು ನನ್ನನ್ನು ಒಮ್ಮೆ ನೋಡಿದಳು. ಪರ್‍ ಎಂದು ಕವರು ಈ ತುದಿಯಿಂದ ಆ ತುದಿಯವರೆಗೆ ಹರಿಯಿತು.

ಅಲ್ಲಿಂದ ಮುಂದಿನದು ಆಕೆಯದೇ ಕೆಲಸ. ವೀಳ್ಯದೆಲೆಗೆ ಉಗುರು ತಾಗಿದರೆ ಅಲ್ಲಿ ಕಪ್ಪಾಗುತ್ತದೆ. ಹೀಗಾಗಿ ಸಣ್ಣಂದಿನಿಂದ ಆಕೆ ಎಲೆ ಬಿಡಿಸಿದ್ದು ಬೆರಳಿನ ಮೆತ್ತನೆಯ ಭಾಗದಿಂದಲೇ. ಚೀಲದ ಮಡಿಕೆಗಳನ್ನೂ ಹಾಗೆಯೇ ಒಂದೊಂದಾಗಿ ಬಿಡಿಸಿ ಚೌಕಟ್ಟಿಗೆ ಇಳಿಸಿದಳು. ನಾನು ನಳಿಗೆ ಜೋಡಿಸಿದೆ. ಗಾಳಿ ತುಂಬಿತು. ಸುಕ್ಕಿಲ್ಲದ ಚೀಲ ಉಕ್ಕಿನ ಗೋಡೆಗೆ ಮೈಯೊತ್ತಿ ನಿಂತಿತು.

ಪರೀಕ್ಷೆ ಮುಗಿಯುವವರೆಗೆ ನಾವಿಬ್ಬರೂ ಪರದೆಯ ಮೇಲಿನ ಒತ್ತಡದ ಅಂಕಿಯ ಮೇಲಿಂದ ಕಣ್ಣು ತೆಗೆಯಲಿಲ್ಲ. ಅದು ಜಗ್ಗಲಿಲ್ಲ. ಗಾಜಿನ ಆಚೆ ಮೇಡಂ ಎರಡೂ ಕೈ ಎತ್ತಿದರು. ಮುಖಗವಸಿನ ಮೇಲೆ ಆಪಾನ ಕಣ್ಣು ತುಂಬಿದ್ದವು; ಅಲ್ಲಿ ಕಣ್ಣು ಒರೆಸಿಕೊಳ್ಳುವ ಹಾಗೂ ಇಲ್ಲ. ನನಗಾದ ಸಂತೋಷ ಎಷ್ಟೆಂದರೆ ಆ ಗಾಜು ಇಲ್ಲದಿದ್ದರೆ ಮೇಡಮ್ಮನ್ನು ಎತ್ತಿಕೊಂಡುಬಿಡುತ್ತಿದ್ದೆ.

ಆ ಚೀಲದಲ್ಲಿ ಬೆಳೆ ಪೂರ್ತಿ ಬಂತು. ಹೊರಗಿನವರನ್ನು ಕರೆಸುವ ಮಾತು ಮತ್ತೆ ಏಳಲಿಲ್ಲ. ತೊಳೆಯುವ ವಿಭಾಗದ ಫಲಕ ಇಳಿಸಿ ಹೊಸದು ಹಾಕಿದರು, ಅದರ ಕೆಳಗೆ ಕೆಲಸಕ್ಕೆ ನಿಂತವರು ಮಾತ್ರ ನಾವೇ. ಈಗ ಹೊಸಬರಿಗೆ ಕವರು ಹರಿಯುವುದನ್ನು ಕಲಿಸುವವಳು ಆಪಾ.

ಪರೀಕ್ಷೆ ಗೆದ್ದ ಸೋಮವಾರ ನಾನು ಮನೆಗೆ ಬಂದಾಗ ಅತ್ತೆ ಕಟ್ಟೆಯ ಮೇಲೆಯೇ ಕುಳಿತಿದ್ದರು. ನನ್ನ ಮುಖ ನೋಡಿಯೇ ಅವರಿಗೆ ಗೊತ್ತಾಯಿತು. ಆದರೂ ಮೊದಲು ಕೇಳಿದ್ದು ಗಂಟಿನ ಬಗ್ಗೆ.

"ನನ್ನ ಕವರ ಒಂದೂ ಉಳೀಲಿಲ್ಲೇನ?"

"ಒಂದೂ ಇಲ್ರಿ ಅತ್ತಿ. ನಾವೆಲ್ಲಾರೂ ಉಳದ್ವಿ."

ಅತ್ತೆ ನನ್ನ ಬೆನ್ನ ಮೇಲೊಂದು ಗುದ್ದಿ, ಒಳಗೆ ಹೋಗಿ ಅವತ್ತಿನ ಹಾಲಿನ ಪ್ಯಾಕೆಟ್ ತೊಳೆದು ತಂತಿಗೆ ಹಾಕಿದರು.