ಗಾಣದೆಣ್ಣೆ ಕುಡಿದ ಕಾರು

ಕಳೆದ ವಾರ ಮೆಕ್ಯಾನಿಕ್ ನಮ್ಮ ಕಾರಿನ ಏರ್ ಫಿಲ್ಟರ್ ಬಿಚ್ಚಿ ನೆಲಕ್ಕೆ ಕುಟ್ಟಿದ. ಕೆಂಪು ಧೂಳು ಉದುರಿತು. “ಕಂಪನಿದು ಹಾಕ್ಲಾ ಸಾರ್, ಹೊರಗಿಂದು ಹಾಕ್ಲಾ? ಕಂಪನಿದು ಬರೋಕೆ ಒಂದು ವಾರ ಹಿಡಿತೈತೆ” ಎಂದ. ನಾನು ಉತ್ತರಿಸುವ ಮೊದಲೇ, ಅಲ್ಲಿ ಇಲ್ಲದ ವಾಸನೆಯೊಂದು ನೆನಪಾಯಿತು. ಕಾದ ಕಬ್ಬಿಣದ ಮೇಲೆ ಬಿದ್ದ ಶೇಂಗಾ ಎಣ್ಣೆಯ ವಾಸನೆ...

ಆಗಿನ್ನೂ ಮಹಾರಾಜರ ಆಳ್ವಿಕೆ. ನಾನು ಮೊಳಕಾಲ್ಮೂರಿನಲ್ಲಿ ಹೊಸದಾಗಿ ಮೇಷ್ಟರಾಗಿದ್ದೆ. ಭಾನುವಾರ ಚಳ್ಳಕೆರೆಯ ಮನೆಯಲ್ಲಿದ್ದು, ಸೋಮವಾರ ಬೆಳಿಗ್ಗೆ ಪಕ್ಕದ ಮನೆಯವರ ಬಾಡಿಗೆ ಕಾರಿನಲ್ಲಿ ಹೊರಡುತ್ತಿದ್ದೆ. ಅವರದು ಎಣ್ಣೆ ಗಾಣದ ಮನೆತನ. ತಮ್ಮ ಪಾಲಿನ ಗಾಣವನ್ನು ತಮ್ಮನಿಗೆ ಬಿಟ್ಟುಕೊಟ್ಟು ಅವರು ಕಾರು ತಂದಿದ್ದರು. “ಇದು ನಿಂತ್ರೆ ನಾನು ತಮ್ಮನ ಗಾಣದಾಗೆ ಆಳಾಗ್ಬೇಕು, ಮೇಷ್ಟ್ರೇ” ಎಂದು ನಗುತ್ತಿದ್ದರು. ನಗುವಾಗಲೂ ಬಾನೆಟ್ಟಿನ ಮೇಲಿಂದ ಕೈ ತೆಗೆಯುತ್ತಿರಲಿಲ್ಲ.

ಆ ರಸ್ತೆಯ ಧೂಳಿಗೆ ಕಂಪನಿಯ ಫಿಲ್ಟರ್ ಹರಿದುಹೋಯಿತು. ಹೊಸದು ಮದರಾಸಿನಿಂದ ಬರಬೇಕು; ತಿಂಗಳುಗಟ್ಟಲೆ ಆಗಬಹುದು. ಪೇಟೆಯಲ್ಲಿ ತಗಡಿನ ಕೆಲಸದ ಸಾಹೇಬರೊಬ್ಬರು ಡಬ್ಬಿ ಮಾಡಿ, ಒಳಗೆ ಕಂಬಳಿಯ ತುಂಡು ತುಂಬಿ ಕೊಟ್ಟರು.

“ಧೂಳು ಹಿಡಿಯಾಕೆ ಇಂಜಿನ್ ಎಣ್ಣೆದಾಗೇ ನೆನೆಸ್ರಿ ಸಾವ್ಕಾರ್ರೇ. ಬ್ಯಾರೆ ಎಣ್ಣೆ ನಕೋ.”

ಪಕ್ಕದ ಮನೆಯವರು ತಲೆಯಾಡಿಸಿ ಬಂದರು. ಆದರೆ ಅವರ ಮನೆತನದಲ್ಲಿ ಯಾರೂ ಹೊರಗಿನಿಂದ ಎಣ್ಣೆ ಕೊಂಡವರಲ್ಲ. ದೀಪಕ್ಕೆ, ತಲೆಗೆ, ಬಾಗಿಲ ಕೀಲಿಗೆ ಎಲ್ಲಕ್ಕೂ ಗಾಣದ್ದೇ. ಇಂಜಿನ್ನಿನ ಹೊಟ್ಟೆಗೆ ಕಂಪನಿ ಎಣ್ಣೆ ಹಾಕುವುದೇ ಅವರಿಗೆ ಸಂಕಟವಾಗಿತ್ತು. “ಕಂಬಳಿ ನೆನೆಸಾಕೂ ಪ್ಯಾಟೆ ಎಣ್ಣೆ ತರ್ಲಾ?” ಎಂದು ಕಂಬಳಿಗೆ ಮನೆಯ ಶೇಂಗಾ ಎಣ್ಣೆಯನ್ನೇ ಸುರಿದರು.

ಕೆಲವು ವಾರ ಕಾರು ಚೆನ್ನಾಗಿಯೇ ಓಡಿತು. ಒಳಗೆ ಬಜ್ಜಿ ಕರಿದ ವಾಸನೆ, ಅಷ್ಟೆ. ಬಿಸಿಗೆ ಎಣ್ಣೆ ಅಂಟಾಯಿತು, ಅಂಟಿಗೆ ಧೂಳು ಮೆತ್ತಿ ಗಾಳಿಯ ದಾರಿ ಮುಚ್ಚಿತು. ಒಂದು ಸೋಮವಾರ ತಳಕು ದಾಟುತ್ತಲೇ ಕಾರು ಕೆಮ್ಮಿ ನಿಂತಿತು. ಹಿಂದಿನ ಸೀಟಿನಲ್ಲಿ ಮೊಳಕಾಲ್ಮೂರಿನ ಸೀರೆ ವ್ಯಾಪಾರಿಯೊಬ್ಬರಿದ್ದರು. ಪ್ರತಿ ವಾರದ ಬಾಡಿಗೆ ಅವರದೇ.

“ಏನ್ ಸಾವ್ಕಾರ್ರೇ, ಎತ್ತಿನ ಗಾಡಿ ಆಗಿದ್ರೆ ಇಷ್ಟೊತ್ತಿಗೆ ಹಾನಗಲ್ ದಾಟಿರ್ತಿತ್ತು! ಬರೋ ವಾರದಿಂದ ಅದನ್ನೇ ಹಿಡೀಲಾ?”

ಪಕ್ಕದ ಮನೆಯವರು ಬಾನೆಟ್ಟು ಎತ್ತಿ ಡಬ್ಬಿಯನ್ನು ಕಿತ್ತು ಸೀಟಿನ ಕೆಳಗಿಟ್ಟರು. ಕಾರು ತಟ್ಟನೆ ಹೊರಟಿತು, ಮೊದಲಿಗಿಂತ ಚುರುಕಾಗಿ. ಆ ಚುರುಕೇ ಅವರನ್ನು ಕೆಡಿಸಿತು. ಕಂಪನಿಯದು ಬರುವವರೆಗೆ ಹೀಗೇ ನಡೆಯಲಿ ಎಂದರು. ಧೂಳು ಸೋಸದೆ ನೇರ ಒಳಹೋಯಿತು. ಇಂಜಿನ್ ಒಳಗೊಳಗೇ ಸವೆದು, ನೀಲಿ ಹೊಗೆ ಉಗುಳಿ, ಕೊನೆಗೊಂದು ದಿನ ಏಳಲೇ ಇಲ್ಲ.

ಮದರಾಸಿನ ಪಾರ್ಸೆಲ್ ಆಮೇಲೆ ಬಂತು. ಬಿಚ್ಚಿ ನೋಡಿದರು. “ಚಂದ ಐತೆ” ಎಂದು ಮತ್ತೆ ಕಟ್ಟಿ ಜಂತೆಗೆ ತೂಗುಹಾಕಿದರು. ಮರುದಿನ ತಮ್ಮನ ಗಾಣದ ಎತ್ತುಗಳ ಹಿಂದೆ ನಡೆಯುತ್ತಿದ್ದರು. ನಾನು ಮಾತಾಡಿಸಿದರೆ ನಿಲ್ಲುತ್ತಿರಲಿಲ್ಲ. ಒಂದು ಸುತ್ತು ಬಂದು ಉತ್ತರ ಹೇಳುತ್ತಿದ್ದರು... ಅವರು ತೀರಿಕೊಂಡಾಗ ನಾನು ಬೇರೆ ಊರಿನಲ್ಲಿದ್ದೆ. ಸುದ್ದಿ ತಡವಾಗಿ ತಿಳಿಯಿತು.

ಮೆಕ್ಯಾನಿಕ್ ಇನ್ನೂ ಕಾಯುತ್ತಿದ್ದ. ಕಂಪನಿಯದನ್ನೇ ತರಿಸು ಎಂದೆ.

“ಅಲ್ಲಿಗಂಟ ಹಂಗೇ ಓಡಿಸ್ತೀರಾ, ಸಾರ್?”

“ಇಲ್ಲ. ಕಾರು ಇಲ್ಲೇ ಇರಲಿ.”

ಬೀಗದ ಕೈ ಅವನಿಗೆ ಕೊಟ್ಟು, ನಿವೃತ್ತಿಯ ಮೇಲೆ ಮತ್ತೆ ಸೇರಿದ ಚಳ್ಳಕೆರೆಯ ಮನೆಗೆ ನಡೆದೇ ಬಂದೆ. ದಾರಿಯಲ್ಲಿ ಗಾಣವಿದ್ದ ಜಾಗ ಸಿಕ್ಕಿತು. ಈಗ ಅಲ್ಲಿ ಎಣ್ಣೆಯ ವಾಸನೆಯೂ ಉಳಿದಿಲ್ಲ.