ತಾತನ ಮಂಚದ ಮೇಲಿನ ಆಕಾಶ

ಮಾನ್ಯ ಓದುಗರಲ್ಲಿ ಮೊದಲಿಗೆ ನಿವೇದಿಸಿಕೊಳ್ಳುವುದೇನೆಂದರೆ, ನಾನು ಈವರೆಗೆ ಕಚೇರಿಯ ಪತ್ರಗಳನ್ನಲ್ಲದೆ ಬೇರೇನನ್ನೂ ಬರೆದವಳಲ್ಲ. ಆದ್ದರಿಂದ ತಾತನ ವಿಷಯವನ್ನು ನನಗೆ ತಿಳಿದ ಕ್ರಮದಲ್ಲಿಯೇ ಮುಂದಿಡುತ್ತಿದ್ದೇನೆ. ಲೋಪಗಳಿದ್ದಲ್ಲಿ ಮನ್ನಿಸಬೇಕು.

ತಾತ ನಾಗಮಂಗಲ ತಾಲ್ಲೂಕಿನ ನಮ್ಮ ಊರಿನಲ್ಲಿ ಮರಗೆಲಸ ಮಾಡುತ್ತಿದ್ದರು. ನೇಗಿಲಾಗಲಿ, ಗಾಡಿಯ ಚಕ್ರವಾಗಲಿ, ಬಾಗಿಲಾಗಲಿ, ಯಾವುದನ್ನೂ ಸೂರಿನ ಕೆಳಗೆ ಕುಳಿತು ಮಾಡಿದವರಲ್ಲ. ಮನೆ ಮುಂದಿನ ಹೊಂಗೆ ಮರದ ನೆರಳೇ ಅವರಿಗೆ ಸಾಕಾಗಿತ್ತು. ಕಬ್ಬು ಸಾಗಿಸುವ ಕಾಲದಲ್ಲಿ ಗಾಡಿಗಳ ಕೆಲಸಕ್ಕೆಂದು ಕೆ.ಆರ್. ಪೇಟೆ, ಮಾಕವಳ್ಳಿ ಕಡೆ ಹೋದರೆ, ಬಸ್ಸಿದ್ದರೂ ಕೆರೆ ಏರಿಗಳನ್ನು ಹಿಡಿದು ನಡೆದೇ ಬರುತ್ತಿದ್ದರು. ಮಳೆಗಾಲವೊಂದನ್ನು ಬಿಟ್ಟರೆ ಅವರು ಮಲಗುತ್ತಿದ್ದುದೂ ಅಂಗಳದಲ್ಲಿಯೇ. ಒಳಗೆ ಬನ್ನಿ ಎಂದು ಅಜ್ಜಿ ಕರೆದರೆ, "ಮನೆ ಕಟ್ಟಿರದು ಸಾಮಾನಿಡಾಕೆ ಕಣೇ" ಎನ್ನುತ್ತಿದ್ದರು.

ಇಂತಹವರಿಗೆ ಲಕ್ವ ಹೊಡೆದು ಎಡಭಾಗ ಬಿದ್ದುಹೋಯಿತು. ಆಸ್ಪತ್ರೆಯವರು ಮನೆಯಲ್ಲಿಯೇ ನೋಡಿಕೊಳ್ಳಿ ಎಂದು ಕಳುಹಿಸಿದ ಮೇಲೆ ನಡುಮನೆಯಲ್ಲಿ ಮಂಚ ಹಾಕಲಾಯಿತು. ಆ ಕೋಣೆಗೆ ಕಿಟಕಿ ಇಲ್ಲ. ಮಾತು ತೊದಲುತ್ತಿದ್ದರೂ ತಾತ ದಿನವೂ ಕೇಳುತ್ತಿದ್ದುದು ಒಂದೇ.

"ಲೇ, ಆಚೀಕೆ ಕರ್ಕೊಂಡೋಗ್ರುಲಾ. ಮೋಡ ಕಟ್ಟದೋ ಇಲ್ವೋ ನೋಡ್ಬೇಕು."

"ಸುಮ್ಕಿರಿ. ಮೋಡ ಎಲ್ಲೂ ಓಡೋಗಾಕಿಲ್ಲ. ಕಾಲು ಬಂದ್ಮ್ಯಾಕೆ ನೀವೇ ಎದ್ದೋಗಿ ನೋಡೀರಂತೆ," ಎನ್ನುತ್ತಿದ್ದರು ಅಜ್ಜಿ.

ಅಜ್ಜಿಯ ನಿರಾಕರಣೆಗೆ ಕಾರಣವಿತ್ತು. ನಮ್ಮ ಮನೆಗಳಲ್ಲಿ, ಇನ್ನು ಉಳಿಯುವುದಿಲ್ಲ ಎನಿಸಿದವರನ್ನು ಮಾತ್ರ ಮಂಚದಿಂದ ಇಳಿಸಿ ಹೊರಗೆ ಜಗುಲಿಯಲ್ಲಿ ಮಲಗಿಸುತ್ತಾರೆ. ಹಾಗೆ ಹೊಸಿಲು ದಾಟಿಸಿದವರು ಮತ್ತೆ ಒಳಗೆ ಬಂದುದನ್ನು ಅಜ್ಜಿ ಕಂಡಿರಲಿಲ್ಲ. ತಾತ ಜೀವಮಾನವೆಲ್ಲ ಪ್ರೀತಿಸಿದ ಬಯಲಿಗೆ ಅವರನ್ನು ಕರೆದೊಯ್ಯುವುದೆಂದರೆ, ಅಜ್ಜಿಯ ಪಾಲಿಗೆ ಅವರನ್ನು ಕೈಯಾರೆ ಕಳುಹಿಸಿಕೊಟ್ಟಂತೆ. ತಾತ ಉಣ್ಣುವುದನ್ನು ಬಿಟ್ಟರು. ಗೋಡೆಯ ಕಡೆಗೆ ಮುಖ ಮಾಡಿ ಮಲಗತೊಡಗಿದರು.

ಕೊನೆಗೆ, ತಾತನಿಂದಲೇ ಮರಗೆಲಸ ಕಲಿತಿದ್ದ ನನ್ನ ಅಪ್ಪ ಒಂದು ಉಪಾಯ ಹೇಳಿದರು.

"ಅವ್ವ, ವಸ್ಲು ದಾಟ್ಸಾದ್ ಬ್ಯಾಡ. ಮಂಚದ ಮ್ಯಾಲಿನ ಹೆಂಚು ತೆಗುದ್ರೆ ಆಗಾಕಿಲ್ವಾ?"

ಅಜ್ಜಿ ತಲೆಯೆತ್ತಿ ಸೂರನ್ನು ನೋಡಿದರು. "ಮನೆ ಒಳಗೇ ಇರ್ತಾರೆ ಅಲ್ವಾ? ಅಂಗಾದ್ರೆ ತೆಗಿ" ಎಂದರು.

ಅಪ್ಪ ಸೂರು ಹತ್ತಿದಾಗ ತಾತ ಅನೇಕ ದಿನಗಳ ನಂತರ ಮುಖ ತಿರುಗಿಸಿ ಮೇಲೆ ನೋಡಿದರು. "ಲೇ, ಆ ರೀಪರ್ ಪಟ್ಟಿ ಮ್ಯಾಲೆ ಕಾಲಿಡ್ಬ್ಯಾಡ ಕಣ್ಲಾ. ನಾನೊಬ್ಬ ಬಿದ್ದಿರದು ಸಾಲ್ದಾ?" ಎಂದರು. ನಾವೆಲ್ಲ ನಕ್ಕೆವು. ಹೆಂಚುಗಳು ಸರಿದಂತೆ ಬಿಸಿಲು ಅವರ ಎದೆಯ ಮೇಲೆ ಬಿದ್ದಿತು.

ಆ ದಿನಗಳಲ್ಲಿ ತಾತ ಮತ್ತೆ ಉಂಡರು ಎಂಬುದನ್ನು ಸಮಾಧಾನದಿಂದ ದಾಖಲಿಸುತ್ತೇನೆ. ಗಿಳಿಗಳ ಹಿಂಡು ಹಾದುಹೋದರೆ, "ಪಾಂಡವಪುರದ್ ಕಡೆ ಓಯ್ತಾವೆ. ಬತ್ತದ್ ತೆನೆ ಆಲುಗಟ್ಟೈತೆ ಅನ್ನು," ಎಂದು ನನಗೆ ಹೇಳುತ್ತಿದ್ದರು. ಮೋಡ ಬಂದಾಗಲೆಲ್ಲ ಅಪ್ಪ ಏಣಿಯ ಬಳಿ ಟಾರ್ಪಾಲು ಹಿಡಿದು ಕಾಯುತ್ತಿದ್ದರು.

ಹೀಗಿರುವಾಗ ಶ್ರೀರಂಗಪಟ್ಟಣದ ಬಳಿಯ ಬಾಬುರಾಯನಕೊಪ್ಪಲಿನಿಂದ ತಾತನ ತಂಗಿ ಅಣ್ಣನನ್ನು ನೋಡಲು ಬಂದರು. ಒಳಗೆ ಬಂದವರು ಮೇಲೆ ನೋಡಿ ಕೈಚೀಲವನ್ನು ಅಲ್ಲಿಯೇ ಇಟ್ಟರು.

"ಅಯ್ಯೋ ಅತ್ಗೆ, ಏನ್ ಕೆಲ್ಸ ಮಾಡಿದ್ರಿ? ನಮ್ಮ ಕಡೆ ಜೀವ ಓಗ್ದೆ ಒದ್ದಾಡೋರ್ಗೆ ತಾನೆ ಹೆಂಚು ತೆಗ್ಯಾದು, ದಾರಿ ಆಗ್ಲಿ ಅಂತ!"

ಅಜ್ಜಿ ಮಂಚದ ಬಳಿಗೆ ಓಡಿ ಬಂದರು. "ಮುಚ್ಲಾ, ಮೊದ್ಲು ಮುಚ್ಚು" ಎಂದು ಅಪ್ಪನನ್ನು ಕೂಗಿದರು. ಅಪ್ಪ ಹೆಂಚು ಹಿಡಿದು ಏಣಿ ಹತ್ತಿದರು. ಆಗ ತಾತ ಆಡುವ ಬಲಗೈಯನ್ನು ಚಾಚಿ ಅಜ್ಜಿಯ ಸೆರಗನ್ನು ಹಿಡಿದುಕೊಂಡರು.

"ಇರ್ಲಿ ಬುಡೇ. ನೋಡ್ಕತೀನಿ."

ಅಪ್ಪ ಏಣಿಯ ಮೇಲೆ ನಿಂತು ತಮ್ಮ ತಾಯಿಯ ಮಾತಿಗಾಗಿ ಕಾದರು. ಅಜ್ಜಿ ಗಂಡನನ್ನೂ ನೋಡಿದರು, ಆ ಬೆಳಕನ್ನೂ ನೋಡಿದರು. ನಂತರ, "ಸಂಜೀಕ್ ಮುಚ್ಚು" ಎಂದರು.

ಸಂಜೆಯಾಗುವ ಮೊದಲೇ ತಾತ ತೀರಿಕೊಂಡರು. ಅವರ ಕಣ್ಣುಗಳು ತೆರೆದೇ ಇದ್ದವು.

ಕಾರ್ಯಗಳೆಲ್ಲ ಮುಗಿದ ಮೇಲೆ ಅಪ್ಪ ಹೆಂಚುಗಳನ್ನು ಮರಳಿ ಜೋಡಿಸಿದರು. ಒಂದು ಕಡೆ ಮಾತ್ರ ಗಾಜಿನ ಹೆಂಚನ್ನು ಹಾಕಬೇಕೆಂದು ಅಜ್ಜಿ ತಾವಾಗಿಯೇ ಹೇಳಿದರು. ಅಲ್ಲಿಂದ ಇಳಿಯುವ ಬಿಸಿಲಿನ ತುಂಡು ಈಗಲೂ ಬೆಳಗಿನಿಂದ ನಡುಮನೆಯ ನೆಲದ ಮೇಲೆ ನಿಧಾನವಾಗಿ ಸರಿಯುತ್ತದೆ. ಮನೆಯಲ್ಲಿ ಯಾರೂ ಅದನ್ನು ತುಳಿಯುವುದಿಲ್ಲ. ತುಳಿಯಬಾರದೆಂದು ಯಾರೂ ಹೇಳಿಯೂ ಇಲ್ಲ. ರಜೆಗೆ ಹೋದಾಗ ನಾನೂ ಸುತ್ತಿಕೊಂಡೇ ಅಡುಗೆಮನೆಗೆ ಹೋಗುತ್ತೇನೆ. ಒಮ್ಮೊಮ್ಮೆ ಹಕ್ಕಿಯ ನೆರಳು ಅದರಲ್ಲಿ ಹಾದುಹೋಗುತ್ತದೆ.

ಕಳೆದ ಬಾರಿ ಹೋಗಿದ್ದಾಗ ಬೆಳಕು ಅಜ್ಜಿಯ ಚಾಪೆಯ ಅಂಚಿಗೆ ಬಂದಿತ್ತು. ಅವರು ಕಾಲು ಮಡಚಿಕೊಂಡು ಅದಕ್ಕೆ ಜಾಗ ಮಾಡಿಕೊಟ್ಟರು. ಅನಂತರ ನನ್ನನ್ನು ಕೇಳಿದರು:

"ಅವ್ರೇ ಒಂಟೋದ್ರಾ ಮಗಾ, ನಾನ್ ಕಳುಸ್ದ್ನಾ?"

ಅವರ ಪಕ್ಕದಲ್ಲಿ ಕುಳಿತು ನಾನೂ ಕಾಲು ಮಡಚಿಕೊಂಡೆ.